ಕಂಪನಿ ಹಾಕಿದ ಕನ್ನ

"ಕೇಳ್ರಪ್ಪೋ ಕೇಳಿ! ರಾಜರ ಏಲಕ್ಕಿ ಕಂಪನಿಯ ಕಂಪ್ಯೂಟರಿಗೆ ಕನ್ನ ಬಿದ್ದಿದೆ. ಕನ್ನ ಹಾಕಿದವರ ಕಂಪ್ಯೂಟರಿಗೆ ಕಂಪನಿ ತಿರುಗಿ ಕನ್ನ ಹಾಕಬಹುದೇ? ರಾಜಮಾತೆಯ ಮೂರು ಒಗಟು ಬಿಡಿಸಿದವರು ಹೇಳಿದ್ದೇ ಕಾನೂನು. ತಪ್ಪಿದರೆ ತಲೆದಂಡ!"

ಡಂಗುರ ಕೇಳಿದ್ದೇ ಗಿರಿಯಪ್ಪ ಅರಮನೆಯ ದಾರಿ ಹಿಡಿದ. ಪಾಪ, ಅವನು ಅಕ್ಕ ಸಾಕಮ್ಮನ ಡೇರಿಯಲ್ಲಿ ಹಾಲಿನ ಕ್ಯಾನು ತೊಳೆಯುವವನು. ಯಾವನೋ ಖದೀಮ ಆ ಡೇರಿಯ ಕಂಪ್ಯೂಟರಿನಲ್ಲಿ ಅಡಗಿ ಕೂತು ಕಂಪನಿಗೆ ಕನ್ನ ಹಾಕಿದ್ದ. ಕಂಪನಿಯವರೋ ಹಿಂದೆ ಮುಂದೆ ನೋಡದೆ, ಕೂತಲ್ಲಿಂದಲೇ ಡೇರಿಯ ಕಂಪ್ಯೂಟರನ್ನು ಕೆಡಿಸಿಹಾಕಿದರು. ತಂಪಿನ ಯಂತ್ರ ನಿಂತು ಊರ ಹಾಲೆಲ್ಲ ಒಡೆಯಿತು. ಸಾಲದ್ದಕ್ಕೆ ಸಾಕಮ್ಮನನ್ನೇ ಕಳ್ಳಿ ಅಂತ ಸೆರೆಗೆ ತಳ್ಳಿ, ರಾಜ ನೇಣಿನ ದಿನವನ್ನೂ ಗೊತ್ತುಮಾಡಿದ್ದ.

ಗಿರಿಯಪ್ಪ ಸಭೆಗೆ ಕಾಲಿಟ್ಟದ್ದೇ ತಡ, ಹಿಂದೆ ಬಾಗಿಲಿಗೆ ಅಗಳಿ ಬಿತ್ತು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ.

"ಕಳ್ಳನ ಹೆಜ್ಜೆ ಒಂದು ಮನೆಯ ಬಾಗಿಲಲ್ಲಿ ನಿಂತಿದೆ. ಕಳ್ಳ ಯಾರು?" ರಾಜಮಾತೆ ಕೇಳಿದಳು.

"ಆ ಮನೆಯವನೇ!" ಎಂದು ಮೀಸೆ ತಿರುವಿದ, ಒಗಟು ಬಿಡಿಸಲು ಬಂದಿದ್ದ ದಂಡನಾಯಕನ ಮಗ. ಭಟರು ಅವನನ್ನು ಸೆರೆಗೆ ಎಳೆದೊಯ್ದರು. "ಹಾಗಾದ್ರೆ ಪಕ್ಕದ ಮನೆಯವನು," ಎಂದ ಮಂತ್ರಿಯ ಅಳಿಯ. ಅವನಿಗೂ ಅದೇ ಗತಿ.

ಗಿರಿಯಪ್ಪ ಮುಂದೆ ಬಂದ. "ಗೊತ್ತಿಲ್ಲ ತಾಯಿ. ಹೆಜ್ಜೆ ನಮ್ಮನೆ ತನಕ ಬಂದಿತ್ತು, ಆದ್ರೆ ನಮ್ಮಕ್ಕ ಕಳ್ಳಿ ಅಲ್ಲ. ಅಲ್ಲಿಂದಾಚೆಗೆ ಯಾರೂ ನೋಡಲೇ ಇಲ್ಲ."

"ಸರಿ. ಹೊಸ್ತಿಲೊಳಗೆ ನ್ಯಾಯ, ಹೊಸ್ತಿಲು ದಾಟಿದರೆ ಅಪರಾಧ. ಏನದು?"

"ದೊಣ್ಣೆ ಬೀಸೋದು. ಮನೆಗೆ ನುಗ್ಗಿದವನನ್ನು ಓಡಿಸಬಹುದು. ಅದೇ ದೊಣ್ಣೆ ಹಿಡಿದು ಇನ್ನೊಬ್ಬರ ಮನೆಗೆ ನುಗ್ಗಬಾರದು."

"ದೂರು ಕೊಟ್ಟವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಕೊಟ್ಟವನೂ ಅವನೇ, ನೇಣು ಬಿಗಿಯುವವನೂ ಅವನೇ. ಯಾರವನು?"

ಅಯ್ಯೋ ಶಿವನೇ! ಉತ್ತರ ಎದುರಿಗೇ ಸಿಂಹಾಸನದ ಮೇಲೆ ಕೂತಿತ್ತು. ಹೇಳಿದರೆ ತನ್ನ ತಲೆ ಹೋಗುತ್ತೆ, ಹೇಳದಿದ್ದರೆ ಅಕ್ಕನೂ ಉಳಿಯಲ್ಲ. ಗಿರಿಯಪ್ಪ ರಾಜನಿಗೆ ಕೈಮುಗಿದ.

"ಬುದ್ಧೀ... ನೀವೇ."

ರಾಜ ಕತ್ತಿ ಹಿರಿದು ನುಗ್ಗಿದ.

"ಕಡಿಯಿರಿ ಬುದ್ಧಿ. ದೂರು ನಿಮ್ಮದು, ತೀರ್ಪು ನಿಮ್ಮದು, ಈಗ ಕತ್ತಿಯೂ ನಿಮ್ಮದೇ. ನನ್ನ ತಲೆ ಬಿದ್ದರೆ ನನ್ನ ಮಾತು ನಿಜ ಅಂತ ಸಭೆಗೆಲ್ಲ ಗೊತ್ತಾಗುತ್ತೆ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. "ಸಿಕ್ಕಿಬಿದ್ದೆಯಲ್ಲೋ ಮಗನೇ, ಇಳಿಸು ಕೈ," ಎಂದಳು ರಾಜಮಾತೆ. "ಉತ್ತರ ಸರಿ. ಹೇಳಪ್ಪ, ಏನು ಕಾನೂನು?"

"ಕಂಪನಿ ತನ್ನ ಬಾಗಿಲು ಭದ್ರ ಮಾಡಿಕೊಳ್ಳಲಿ. ಕಳ್ಳನನ್ನು ಹುಡುಕಿ ಶಿಕ್ಷೆ ಕೊಡೋದು ನ್ಯಾಯಸ್ಥಾನದ ಕೆಲಸ. ನಮ್ಮ ಡೇರಿ ಕೆಡಿಸಿದವರೇ ಸರಿಮಾಡಿಕೊಡಲಿ. ನಮ್ಮಕ್ಕನನ್ನೂ ಒಗಟಿಗೆ ಸೋತವರನ್ನೂ ಬಿಟ್ಟುಬಿಡಿ."

ಹಾಗೆಯೇ ಆಯಿತು. ಅದರ ಮೇಲೆ ರಾಜ ಜಹಗೀರು ಕೊಡಲು ಬಂದರೆ, ಗಿರಿಯಪ್ಪ ನಿಲ್ಲದೆ ಸೆರೆಮನೆಗೆ ಓಡಿದ. ಸಾಕಮ್ಮ ಬೆಳಕಿಗೆ ಕಣ್ಣು ಕಿರಿದುಮಾಡಿಕೊಂಡು ಹೊರಗೆ ಬಂದಳು.

"ಕಳ್ಳ ಸಿಕ್ಕಿದನೇನೋ?"

"ಇಲ್ಲಕ್ಕ," ಎಂದು ಅವಳ ಕೈ ಹಿಡಿದುಕೊಂಡು ಗಿರಿಯಪ್ಪ ಗೊಳೋ ಅಂತ ಅತ್ತುಬಿಟ್ಟ.