ಹುತ್ತ ಹೊಕ್ಕ ಸಂಶೋಧಕ

ಕಣ್ಣಾರೆ ಕಂಡ ಓತಿಕ್ಯಾತವೇ ನನಗೆ ಹೇಳಿದ್ದು. ಸುಳ್ಳಿದ್ದರೆ ಪಾಪ ಅದಕ್ಕೇ. ನಾಗರಹಾವೊಂದು ಹುತ್ತದ ಬಾಯಿಗೆ ಬಂದು ಮುದಿ ಗೆದ್ದಲಿಗೆ ಹೇಳಿತು: "ಅಜ್ಜಿ, ಮನುಷ್ಯರಲ್ಲಿ ಮಾನವಶಾಸ್ತ್ರ ಅಂತಿದೆಯಲ್ಲ, ನಾನು ಗೆದ್ದಲುಗಳ ಮೇಲೆ ಅದನ್ನೇ ಮಾಡುವವನು. ಒಂದು ಕುಲವನ್ನು ಅರಿಯಬೇಕಾದರೆ ಅವರ ಮನೆಯಲ್ಲೇ ಬಾಳಬೇಕು."

"ನಮ್ಮನ್ನೂ ಕೇಳುವವರು ಬಂದರಲ್ಲಪ್ಪ!" ಎಂದು ಅಜ್ಜಿ ಹಿಗ್ಗಿ, ಬಾಗಿಲು ಅಗಲ ಮಾಡಿಸಿದಳು.

ನಾಗರಪಂಚಮಿಯಂದು ಊರ ಹೆಂಗಸರು ಬಂದು ಹುತ್ತಕ್ಕೆ ಚೊಂಬುಗಟ್ಟಲೆ ಹಾಲೆರೆದರು. ಒಳಗೆ ಗೆದ್ದಲಿನ ಮರಿಗಳು ಮುಳುಗತೊಡಗಿದವು.

"ಸ್ವಾಮಿ, ಇದು ನಾವು ಕಟ್ಟಿದ ಮನೆ ಅಂತ ಅವರಿಗೊಂದು ಮಾತು ಹೇಳಿ, ಹಾಲು ನಿಲ್ಲಿಸಲಿ!" ಎಂದು ಅಜ್ಜಿ ಚೀರಿದಳು.

"ಛೆ ಛೆ, ಜನರ ನಂಬಿಕೆಯ ನಡುವೆ ಬಾಯಿಹಾಕುವುದು ನಮ್ಮ ಶಾಸ್ತ್ರಕ್ಕೆ ನಿಷಿದ್ಧ," ಎನ್ನುತ್ತ ಹಾವು ಹೊರಗೆ ಬಂದು, ಅರಿಶಿನ ಕುಂಕುಮಕ್ಕೆ ಹೆಡೆ ಬಿಚ್ಚಿತು.