ಕೆಂಪರಾಚ ಬೇರು ಅಳೆದದ್ದು

ಕೇಳ್ರಪ್ಪಾ, ನಗು ಬಂದೋರು ನಕ್ಬಿಡಿ, ಬರದೋರು ಪಕ್ಕದೋರ ಮುಖ ನೋಡ್ಕೊಂಡು ನಗಿ!

ನಿಂಗಾಜಮ್ಮನಿಗೆ ಒಬ್ಬನೇ ಮಗ, ಕೆಂಪರಾಚ. ಆಳು ತಾಳೆಮರ, ಬುದ್ಧಿ ಅರೆಪಾವು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಕೇಡು! ಹೋದಲ್ಲೆಲ್ಲ ಕೆಲಸ ಕಳ್ಕೊಂಡ. "ನಾನು ಸತ್ರೆ ಇವನಿಗೆ ಅನ್ನ ಹಾಕೋರ್ಯಾರು ಶಿವನೇ!" ಅಂತ ಅತ್ತು ಕರೆದು, ಬೀಜದ ಫಾರಂ ಮೇಡಂ ವಸುಧಮ್ಮನ ಕಾಲು ಹಿಡಿದು ಕೆಲಸಕ್ಕೆ ಸೇರಿಸಿದಳು.

ವಸುಧಮ್ಮನಿಗೆ ರಾಗಿ ಬೇರಿನದೇ ಚಿಂತೆ. ತೊಳೆದು ಅಳೀಬೇಕೋ, ಒಣಗಿಸಿ ತೂಗಬೇಕೋ, ಗಾಜಿನ ಪೆಟ್ಟಿಗೇಲಿ ಬೆಳೆಸಿ ನೋಡಬೇಕೋ? ಯಾವುದು ಸರಿ ಅಂತ ಹೋಲಿಸೋಕೆ ನಾಲ್ಕು ಗಿಡ ಬೆಳೆಸಿದ್ದರು.

"ಮೊದಲನೇ ಗಿಡದ ಬೇರು ತೊಳ್ಕೊಂಡು ಬಾ, ಚೂರೂ ಮಣ್ಣಿರಬಾರದು" ಅಂದರು. ರಾಚ ಒಗೆಯೋ ಕಲ್ಲಿಗೆ ಬಡಿದ, ತೆಂಗಿನ ನಾರಲ್ಲಿ ಉಜ್ಜಿದ. ಮಣ್ಣೂ ಹೋಯ್ತು, ಬೇರೂ ಹೋಯ್ತು!

"ಅಯ್ಯೋ ಮಂಕೇ! ಉಜ್ತಾರೇನೋ? ನೀರಲ್ಲಿ ನೆನೆಹಾಕ್ಬೇಕು!"

"ಆಗ್ಲಿ ಅಮ್ಮೋರೇ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಎರಡನೇ ಗಿಡ. ಒಣಗಿ ಗರಿಗರಿಯಾಗಿದ್ದ ಬೇರನ್ನ ಕೊಟ್ಟು "ತೂಕ ಮಾಡು" ಅಂದರು. ರಾಚ ಸಂಜೆ ತನಕ ನೆನೆಹಾಕಿ, ಬಕೆಟ್ಟಿನ ಸಮೇತ ತಕ್ಕಡಿಗಿಟ್ಟ.

"ಎಂಟು ಕೆ.ಜಿ. ಅಮ್ಮೋರೇ!"

"ಒಂದು ರಾಗಿಗಿಡಕ್ಕೆ ಎಂಟು ಕೆ.ಜಿ. ಬೇರೇನೋ ಬೆಪ್ಪೇ! ಒಲೆ ಶಾಖಕ್ಕೆ ಒಣಗಿಸ್ಬೇಕು!"

"ಆಗ್ಲಿ ಅಮ್ಮೋರೇ, ಇನ್ಮೇಲೆ ಹಂಗೇ ಮಾಡ್ತೀನಿ."

ಮೂರನೇದು ಗಾಜಿನ ಪೆಟ್ಟಿಗೇಲಿ ಬೆಳೀತಿದ್ದ ಗಿಡ. "ಬೇರು ಎಷ್ಟು ಇಳಿದಿದೆ ನೋಡು" ಅಂದರು. ರಾಚ ಪೆಟ್ಟಿಗೇನೇ ಹೊತ್ತು ಸೌದೆ ಒಲೆ ಮೇಲಿಟ್ಟ. ಗಾಜು ಫಟ್! ಗಿಡ ಸುಟ್ಟ ಹಪ್ಪಳ!

"ಜೀವ ಇರೋದನ್ನ ಸುಡ್ತಾರೇನೋ ಪಾಪಿ! ಬೇರು ಮುಟ್ಟಬಾರದು, ಗಿಡ ಇದ್ದಲ್ಲೇ ಇರಬೇಕು, ಅಳತೆ ಮಾತ್ರ ತರಬೇಕು! ಹೊಲದಲ್ಲಿ ಇನ್ನೊಂದೇ ಗಿಡ ಉಳಿದಿರೋದು. ಅದೂ ಕೆಟ್ರೆ ನಾಳೆಯಿಂದ ಬರ್ಬೇಡ!"

ಈ ಮಾತು ನಿಂಗಾಜಮ್ಮನ ಕಿವಿಗೂ ಬಿತ್ತು. ತಾನೂ ಮಗನ ಹಿಂದೇನೇ ಹೊಲಕ್ಕೆ ಹೋದಳು.

ರಾಚ ಗಿಡದ ಪಕ್ಕ ಗುಂಡಿ ತೋಡಿ ಇಳಿದ. ಉಫ್ ಉಫ್ ಅಂತ ಊದಿ ಊದಿ ಮಣ್ಣು ಬಿಡಿಸಿದ. ಬುಡದಿಂದ ತುದಿ ತನಕ ಬೇರು ಕಾಣಿಸ್ತು, ಒಂದೆಳೆ ಹರಿದಿಲ್ಲ! ಟೇಪು ಹಿಡಿದ್ರೆ ಬೇರಿಗೆ ತಾಗುತ್ತಲ್ಲ? ಟೇಪು ಬಿಸಾಕಿದ. ಒಂದು ಅಂಗೈ ಬುಡದ ನೇರಕ್ಕೆ, ಒಂದು ಅಂಗೈ ತುದಿ ನೇರಕ್ಕೆ ಹಿಡಿದ. "ಸಿಕ್ತವ್ವಾ ಅಳತೆ! ನನ್ನ ಮೇಲಕ್ಕೆ ಎಳಿ!"

ಅವ್ವ ರಟ್ಟೆ ಹಿಡಿದು ಎಳೆದಳು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಒಂದು ಮೇಕೆ ಗಿಡವನ್ನ ಬೇರು ಸಮೇತ ಮೆಲ್ಲುತ್ತಿತ್ತು!

"ತಿನ್ಲಿ ಬಿಡವ್ವಾ, ಅಳತೆ ನನ್ ಕೈಲೈತೆ!"

ಮೂಗಿನ ಮೇಲೆ ನೊಣ ಕೂತ್ಕೊಂತು, ಓಡಿಸಲಿಲ್ಲ. ಪಂಚೆ ಜಾರಿತು, ಅವ್ವನೇ ಬಿಗಿದಳು. ಅಂಗೈಗಳು ಎಳ್ಳಷ್ಟೂ ಕದಲಲಿಲ್ಲ. ಜಗಲಿ ಮೇಲೆ ಸ್ಕೇಲು ಹಿಡಿದು ನಿಂತಿದ್ದ ವಸುಧಮ್ಮ ಕಣ್ಣರಳಿಸಿದರು.

"ಭಲೇ ರಾಚ! ಹಂಗೇ ನಿಂತ್ಕೋ, ಅಳೀತೀನಿ. ಕೆಲ್ಸ ನಿಂದೇ!"

ನಿಂಗಾಜಮ್ಮನಿಗೆ ಆನಂದ ತಡೆಯಲಾಗಲಿಲ್ಲ. ಮಗನನ್ನ ಯಾರಾದ್ರೂ ಹೊಗಳಿದ್ದು ಕೇಳಿದ್ದು ಅವತ್ತೇ ಮೊದಲು! ಸೆರಗಲ್ಲಿ ಕಣ್ಣೊರೆಸಿಕೊಂಡು, "ಮಗಾ, ಅಮ್ಮೋರಿಗೆ ಕೈ ಮುಗಿಯೋ!" ಅಂದಳು.

"ಆಗ್ಲಿ ಕಣವ್ವಾ" ಅಂದ ರಾಚ. ಎರಡೂ ಅಂಗೈ ಸೇರಿಸಿ, ತಲೆ ಬಗ್ಗಿಸಿ, ಭಕ್ತಿಯಿಂದ ಕೈ ಮುಗಿದ.