ನೀಲವ್ವನ ಎಂಟನೆಯ ಎಸಳು

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಚಿದಂಬರ ಆಶ್ರಮದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ.

ಗುರುಪೂರ್ಣಿಮೆ ಹತ್ತಿರ ಬಂದಾಗ ಚಿದಂಬರ ಮಕ್ಕಳಿಗೆ ಕಾಗದ ಮಡಚಿ ತಾವರೆ ಮಾಡುವುದನ್ನು ಕಲಿಸಿದ. ಹೂವಿಗೆ ಎಂಟು ಎಸಳು. ಒಂದೊಂದು ಎಸಳ ಮೇಲೂ ಯಾರ ಉಪಕಾರ ನೆನೆಯುತ್ತೇವೆ, ಯಾತಕ್ಕೆ ನೆನೆಯುತ್ತೇವೆ ಎಂದು ಬರೆಯಬೇಕು. ಹಬ್ಬದ ದಿನ ಹೂಗಳನ್ನೆಲ್ಲ ಅಜ್ಜಾರ ಗದ್ದುಗೆಯ ಸುತ್ತ ಇಡುವುದೆಂದು ಅವನ ಆಸೆ.

ಮಕ್ಕಳು ನಗುತ್ತ ಮಡಚಿದರು, ಒಬ್ಬರದನ್ನೊಬ್ಬರು ನೋಡಿ ಬರೆದರು. ನೀಲವ್ವ ಎಂಬ ಹತ್ತು ವರ್ಷದ ಹುಡುಗಿಯ ಹೂ ಎಲ್ಲರದಕ್ಕಿಂತ ಚೆಂದ ಬಂದಿತ್ತು. ಆದರೆ ಎಸಳುಗಳ ಮೇಲೆ ಒಂದಕ್ಷರವೂ ಇರಲಿಲ್ಲ.

"ಯಾಕ ಬರದಿಲ್ಲ?" ಎಂದ ಚಿದಂಬರ.

"ಏನೂ ನೆನಪಾಗವಲ್ತು, ಸರ."

"ಉಣ್ಣಾಕ ಅನ್ನ ಐತಿ, ಉಡಾಕ ಅರಿವಿ ಐತಿ. ನೆನಪಾಗೂದಿಲ್ಲ ಅಂದ್ರ ಹೆಂಗ? ಎಂಟೂ ತುಂಬೂತನಕ ಏಳಬ್ಯಾಡ."

ಅವನು ಗದರಿರಲಿಲ್ಲ. ಮೆತ್ತಗೇ ಹೇಳಿದ್ದ. ಉಳಿದ ಮಕ್ಕಳು ಆಟಕ್ಕೆ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ನೀಲವ್ವ ಹೂವನ್ನು ತಂದು ಅವನ ಮೇಜಿನ ಮೇಲಿಟ್ಟು ಹೋದಳು. ಎಲ್ಲ ಎಸಳೂ ತುಂಬಿದ್ದವು. ಚಿದಂಬರ ಸಂತೋಷಪಟ್ಟ. ಓದಲಿಲ್ಲ.

ಹಬ್ಬದ ಮುಂಜಾನೆ ಹೂಗಳನ್ನು ಜೋಡಿಸುವಾಗ ಓದಿದ. ಅನ್ನಕ್ಕೆ. ಅರಿವೆಗೆ. ಚಿಗವ್ವಗೆ, ಇಲ್ಲಿ ತಂದು ಬಿಟ್ಟದ್ದಕ್ಕೆ. ಹೀಗೆ ಏಳು. ಎಂಟನೆಯದರಲ್ಲಿ ಅಕ್ಷರ ಸಣ್ಣವಾಗಿದ್ದವು: 'ಹೊಳೆಗೆ. ನಮ್ಮವ್ವನ್ನ ಮೂರನೇ ದಿನ ತಿರುಗಿ ಕೊಟ್ಟದ್ದಕ್ಕೆ.'

ಎಂಟು ತಿಂಗಳ ಹಿಂದೆ ಅರಿವೆ ಒಗೆಯಲು ಹೋದ ಆಕೆಯ ತಾಯಿ ಕಾಲು ಜಾರಿ ಹೊಳೆಗೆ ಬಿದ್ದಿದ್ದಳು. ಹೆಣ ಸಿಕ್ಕದ್ದು ಮೂರನೇ ದಿನ. ಆಮೇಲೆ ತಾಯಿಯ ತಂಗಿ ಆಕೆಯನ್ನು ಆಶ್ರಮದಲ್ಲಿ ತಂದು ಬಿಟ್ಟಿದ್ದಳು. ಚಿದಂಬರನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆಕೆಯನ್ನು ಕೂಡಿಸಿ ಬರೆಸಿದ್ದ.

ಅವನು ಎದ್ದು ನೀಲವ್ವನನ್ನು ಹುಡುಕಿಕೊಂಡು ಹೋದ. ಆಮೇಲೆ ಅಜ್ಜಾರ ಬಳಿಗೆ ಬಂದ. ಹೂವನ್ನು ಅವರ ಮುಂದೆ ಹಿಡಿದ.

ಅಜ್ಜಾರು ಓದಿದರು.

"ಇದನ್ನ ಬರಿ ಅಂತ ಹೇಳಿದವರು ಯಾರು?"

"ನಾನು."

"ಹುಡುಗಿಗೆ ಏನರ ಅಂದಿ?"

"ನನ್ನಿಂದ ತಪ್ಪಾತು ಅಂದೆ."

"ಅಕಿ?"

"ಯಾವ ಅಕ್ಷರ ತಪ್ಪಾಗೇತ್ರಿ ಸರ, ಅಂತ ಕೇಳಿದಳು."

ಅಜ್ಜಾರು ಕಣ್ಣು ಮುಚ್ಚಿದರು.

"ನಾ ಇನ್ನ ಪಾಠ ಹೇಳೂದಿಲ್ಲ, ಅಜ್ಜಾರ. ಆಕಳ ಕೊಟ್ಟಿಗಿ ಕೆಲಸಕ್ಕ ನನ್ನ ಹಾಕ್ರಿ. ಮಕ್ಕಳ ಮುಂದ ನಿಲ್ಲೂ ಯೋಗ್ಯತಾ ನನಗಿಲ್ಲ."

"ನೀ ಸಗಣಿ ಬಳದ್ರ ಅಕಿಗೇನಾತು?"

ಚಿದಂಬರ ಹೂವನ್ನು ಕೆಳಗಿಟ್ಟ.

"ಈಗ ಎಲ್ಲಿದ್ದಾಳ?"

"ಹೊಳಿ ಮೆಟ್ಟಿಲ ಮ್ಯಾಲೆ. ದಿನಾ ಅಲ್ಲೇ ಕೂಡತಾಳ."

"ದಿನಾ ನೋಡಿ ಏನ ಮಾಡತಿದ್ದಿ?"

"ಪಾಠದ ಹೊತ್ತಾತು ಬಾ ಅಂತ ಕರೀತಿದ್ದೆ."

ಅಜ್ಜಾರು ಕೋಲು ತಗೊಂಡು ಎದ್ದರು. ಅಂಗಳದಲ್ಲಿ ಆಗಲೇ ಜನ ಸೇರತೊಡಗಿದ್ದರು. ಹಾರ ಹಿಡಿದವರು, ಹಣ್ಣು ತಂದವರು ಕಾಲಿಗೆ ಬೀಳಲು ಮುಂದೆ ಬಂದರು. ಅಜ್ಜಾರು ಯಾರ ಕಡೆಗೂ ನೋಡದೆ ಹೊಳೆಯ ದಾರಿ ಹಿಡಿದರು. ಚಿದಂಬರ ಹಿಂದೆ ನಡೆದ.

ನೀಲವ್ವ ಮಧ್ಯದ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಜ್ಜಾರು ಆಕೆಗಿಂತ ಒಂದು ಮೆಟ್ಟಿಲು ಕೆಳಗೆ, ನೀರಿಗೂ ಆಕೆಗೂ ನಡುವೆ ಕೂತರು.

ಹೊತ್ತು ಏರಿತು. ಅಂಗಳದಿಂದ ಗಂಟೆಯ ಸದ್ದು ಕೇಳಿಸಿತು.

"ಪೂಜಿಗೆ ಹೋಗೂದಿಲ್ಲೇನ್ರಿ, ಅಜ್ಜಾರ?" ನೀಲವ್ವ ಕೇಳಿದಳು.

"ನೀ ಎದ್ದ ಮ್ಯಾಲೆ ಹೋಗತೀನಿ."

"ನಾ ಏಳೂದಿಲ್ಲ."

"ಏಳಬ್ಯಾಡ."

ಆಕೆ ನೀರಿನ ಕಡೆಗೇ ನೋಡುತ್ತಿದ್ದಳು. ಸ್ವಲ್ಪ ತಡೆದು ಅಂದಳು, "ಹೊಳಿಗೆ ನಾ ಸುಳ್ಳು ಬರದೀನ್ರಿ. ನನಗ ಅದರ ಮ್ಯಾಲೆ ಸಿಟ್ಟೈತಿ."

"ಇರಲಿ."

"ಬರೀದಿದ್ರ ಸರಗ ಸಿಟ್ಟು ಬರತೈತಿ ಅಂತ ಬರದೆ."

ಎರಡು ಮೆಟ್ಟಿಲು ಮೇಲೆ ನಿಂತಿದ್ದ ಚಿದಂಬರ ಒಂದು ಮೆಟ್ಟಿಲು ಇಳಿದು ಆಕೆಯ ಮುಖ ನೋಡಿದ. ಹುಡುಗಿಯ ಕಣ್ಣು ಒಣಗಿದ್ದವು. ಈ ಎಂಟು ತಿಂಗಳಲ್ಲಿ ಆಕೆ ಅತ್ತದ್ದನ್ನು ತಾನು ಒಮ್ಮೆಯೂ ಕಂಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅದನ್ನೇ ಅವನು ಧೈರ್ಯವೆಂದು ಬೇರೆ ಮಕ್ಕಳ ಮುಂದೆ ಹೊಗಳಿದ್ದ.

ಅವನು ಕೆಳಗಿಳಿದು ಅಜ್ಜಾರ ಕಿವಿಯ ಬಳಿ ಬಗ್ಗಿದ.

"ಜನ ಕಾಯಾಕ ಹತ್ಯಾರ. ದೂರದಿಂದ ಬಂದಾರ, ನಿಮಗ ಉಪಕಾರ ಹೇಳಿ ಹೋಗಬೇಕಂತಾರ. ಎಷ್ಟೊತ್ತಾಗತೈತಿ ಅಂತ ಹೇಳಲಿ?"

ಅಜ್ಜಾರು ತಿರುಗಿ ನೋಡಲಿಲ್ಲ.

"ಇಲ್ಲೊಂದು ಕೂಸಿನ ಅಳು ಇನ್ನೂ ಸುರುವಾಗಿಲ್ಲ ಅಂತ ಹೇಳು."